ಕಣ್ಣಿಗೆ ಟವೆಲ್ ಕಟ್ಟಿಕೊಂಡ ಫುಸಾಯೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಸಾಕದ ಅವಾಜಿ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ, ನಾಲ್ಕನೆಯ ಮಹಡಿಯ ಒಂದೇ ಮೇಜಿನ ಮೇಲೆ ದೀಪ ಉರಿಯುತ್ತಿದೆ. ಐವತ್ತೆಂಟರ ಫುಸಾಯೆ ನಿಶಿವಾಕಿ ಎರಡು ಪರದೆಗಳ ಮುಂದೆ ನೆಟ್ಟಗೆ ಕುಳಿತಿದ್ದಾರೆ. ಕೈಯಲ್ಲಿ ವಿಡಿಯೊ ಗೇಮ್ ಆಡುವ ಕಂಟ್ರೋಲರ್ ಇದೆ, ಕಣ್ಣಿಗೆ ಬಿಳಿ ಟವೆಲ್ ಬಿಗಿದಿದೆ. ಪರದೆಯ ಮೇಲೆ ಹಳೆಯ ಛತ್ರವೊಂದರ ಉದ್ದನೆಯ ಪಡಸಾಲೆ. ಕೆಲಸದ ಹುಡುಗಿಯೊಬ್ಬಳು ಗೋಡೆ ಹಿಡಿದು ನಡೆಯುತ್ತಿದ್ದಾಳೆ. ಒದ್ದೆ ಕಾಲಿನ ಸಪ್ಪಳ ಕೇಳಿಸುತ್ತದೆ, ಆಮೇಲೆ ಕಿರುಚು. ಹುಡುಗಿ ಸಾಯುತ್ತಾಳೆ.

"ಮತ್ತೆ ಹೋದ್ಲು," ಎನ್ನುತ್ತಾರೆ ಫುಸಾಯೆ. ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿ, ಟವೆಲ್ ಬಿಚ್ಚದೆಯೇ, "ಗಾಬರಿ ಆಗ್ಬೇಡಿ, ನಂಗೆ ಹುಚ್ಚು ಹಿಡಿದಿಲ್ಲ. ಇನ್ನೂ," ಎಂದು ಸೇರಿಸುತ್ತಾರೆ. ನಗುವುದಿಲ್ಲ. ಇವತ್ತು ಬುಧವಾರ. ಶುಕ್ರವಾರ ಮಧ್ಯಾಹ್ನದೊಳಗೆ ಈ ಆಟವನ್ನು ಆಟದ ಯಂತ್ರ ತಯಾರಿಸುವ ದೊಡ್ಡ ಕಂಪನಿಯ ಕೈಗೆ ಒಪ್ಪಿಸಬೇಕು.

ಆಟದ ಹೆಸರು 'ನುರೆಅಶಿ', ಅಂದರೆ ಒದ್ದೆ ಕಾಲು. ಇಪ್ಪತ್ತಾರು ವರ್ಷದ ಹಿಂದಿನದು. ಆ ಕಾಲದ ಮಸುಕು ಚಿತ್ರಗಳನ್ನು ತಿಕ್ಕಿ ತೊಳೆದು, ಈಗಿನ ದೊಡ್ಡ ಪರದೆಯ ಮೇಲೆ ಕೂದಲೆಳೆಯೂ ಕಾಣುವಂತೆ ಮಾಡಿ, ಹೊಸ ಯಂತ್ರದಲ್ಲಿ ಓಡಿಸುವುದು ಈ ಕಂಪನಿಯ ಕಸುಬು. ಚಿತ್ರದವರು, ಕೋಡ್ ಬರೆಯುವವರು, ಸದ್ದಿನವರು ಎಲ್ಲರ ಕೆಲಸ ಮುಗಿದ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಆಡಿ ತಪ್ಪು ಹೆಕ್ಕುವವರು ಫುಸಾಯೆ. ಪ್ರತಿ ಕೋಣೆಗೂ ಹೋಗಿ ಪ್ರತಿ ಗೋಡೆಗೂ ತಲೆ ಹೊಡೆದುಕೊಳ್ಳಬೇಕು. ತಲೆ ಬಡಿದರೆ ಸರಿ, ಗೋಡೆಯೊಳಗೆ ತೂರಿಹೋದರೆ ತಪ್ಪು. ಸಂಜೆಯಾಗುವಷ್ಟರಲ್ಲಿ ಐನೂರು ಗೋಡೆಯಾದರೂ ಆಗಿರುತ್ತದೆ. ಆಟದ ಕೊನೆಯಲ್ಲಿ ಹೆಸರುಗಳ ಸಾಲು ಮೇಲೇರುತ್ತದಲ್ಲ, ಅಲ್ಲಿ ಇವರ ಹೆಸರು ಬರುವುದಿಲ್ಲ. 'ಪರೀಕ್ಷಾ ತಂಡ' ಎಂಬ ಎರಡು ಪದದೊಳಗೆ ಇವರನ್ನು ಮಡಚಿ ಇಟ್ಟಿರುತ್ತಾರೆ.

ಇದೇ ಆಟದ ಇಂಗ್ಲಿಷ್ ಮಾತುಗಳನ್ನು ತಿದ್ದುವ ಬಾಡಿಗೆ ಬಂಟ ನಾನು. ಒಳಗಿನ ಸುದ್ದಿ ಹೊರಗೆ ಆಡುವುದಿಲ್ಲವೆಂದು ನಾವಿಬ್ಬರೂ ಸಹಿ ಹಾಕಿದ್ದೇವೆ. ನಿಮ್ಮ ಬಗ್ಗೆ ಬರೆಯಲೇ ಎಂದಾಗ ಫುಸಾಯೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಆ ಕನ್ನಡ ನಮ್ಮ ಮ್ಯಾನೇಜರ್‌ಗೆ ಬರುತ್ತಾ?" ಇಲ್ಲ ಎಂದೆ. "ಹಾಗಾದ್ರೆ ಬರ್ಕೊಳ್ಳಿ."

ಇಜುಮಿಸಾನೊದ ಟವೆಲ್ ಕಾರ್ಖಾನೆಯಲ್ಲಿ ಅವರು ಹತ್ತೊಂಬತ್ತು ವರ್ಷ ದುಡಿದಿದ್ದಾರೆ. ಅಲ್ಲಿಯೂ ಇದೇ ಕೆಲಸ. ಬಟ್ಟೆಯ ಮೇಲೆ ಅಂಗೈ ಆಡಿಸಿ, ಎಳೆ ಬಿಟ್ಟಿದ್ದನ್ನು ಹಿಡಿದು ಪಕ್ಕಕ್ಕೆ ಎಸೆಯುವುದು. ಕಾರ್ಖಾನೆ ಮುಚ್ಚಿದ ಮೇಲೆ ಮಗಳು ಯಾವುದೋ ಜಾಹೀರಾತು ತೋರಿಸಿದಳಂತೆ: ಆಟ ಆಡಲು ಜನ ಬೇಕಾಗಿದ್ದಾರೆ. "ತಮಾಷೆ ಅಂದ್ಕೊಂಡೆ. ಬಂದು ನೋಡಿದ್ರೆ ತಪ್ಪು ಹುಡುಕೋ ಕೆಲಸ. ಅದು ನಂಗೆ ಮೊದಲಿಂದ ಬರುತ್ತೆ. ಗಂಡನಲ್ಲಿ ಹುಡುಕೋಕೆ ಮಾತ್ರ ಸ್ವಲ್ಪ ತಡ ಆಯ್ತು." ಗಂಡನನ್ನು ಬಿಟ್ಟು ಬಹಳ ಕಾಲವಾಗಿದೆ. ಕೆಲಸದ ಗುತ್ತಿಗೆ ಮೂರು ತಿಂಗಳಿಗೊಮ್ಮೆ ಮುಗಿಯುತ್ತದೆ, ಕಂಪನಿಗೆ ಮನಸ್ಸಿದ್ದರೆ ಮುಂದುವರಿಯುತ್ತದೆ.

ಗುಂಡಿ ಒತ್ತಿ ಒತ್ತಿ ಇವರ ಹೆಬ್ಬೆರಳ ಬುಡ ಊದಿಕೊಂಡಿದೆ. ಅದಕ್ಕಾಗಿ ವಾರಕ್ಕೊಮ್ಮೆ ಮಾರುಕಟ್ಟೆ ಬೀದಿಯ ಉಮೆಗಾಕಿ ಸೆನ್ಸೆಯ ಬಳಿ ಹೋಗುತ್ತಾರೆ. ಎಲ್ಲರೂ ಸೆನ್ಸೆ, ಅಂದರೆ ಗುರುಗಳೇ, ಎಂದು ಕರೆಯುವ ಅವರು ಸೂಜಿ ಚುಚ್ಚಿ, ನರ ಒತ್ತಿ ನೋವು ತೆಗೆಯುವವರು. ಒಂಬತ್ತನೆಯ ವಯಸ್ಸಿಗೇ ಕಣ್ಣು ಹೋಗಿದೆ. ನಿನ್ನೆ ಸಂಜೆ ಆ ಮನುಷ್ಯ ಇವರ ಹೆಬ್ಬೆರಳು ಹಿಡಿದುಕೊಂಡೇ ಖುಷಿಯಿಂದ ಹೇಳಿದ್ದಾರೆ: "ಸುದ್ದಿ ಕೇಳಿದ್ರಾ ನಿಶಿವಾಕಿಸಾನ್? 'ನುರೆಅಶಿ' ಮತ್ತೆ ಬರ್ತಿದೆಯಂತೆ! ನಾನು ಇನ್ನೊಬ್ಬರ ಸಹಾಯ ಇಲ್ದೆ ಪೂರ್ತಿ ಆಡೋದು ಅದೊಂದೇ ಆಟ. ನನ್ನ ಹಳೇ ಯಂತ್ರ ಈಗಲೋ ಆಗಲೋ ಅನ್ನೋ ಸ್ಥಿತೀಲಿದೆ. ಸದ್ಯ, ಬದುಕ್ಕೊಂಡೆ."

ಆ ಆಟ ತನ್ನ ಮೇಜಿನ ಮೇಲೆಯೇ ಇದೆಯೆಂದು ಫುಸಾಯೆ ಹೇಳುವಂತಿಲ್ಲ. ತುಟಿ ಕಚ್ಚಿಕೊಂಡು ಮನೆಗೆ ಬಂದಿದ್ದಾರೆ. ಬೆಳಿಗ್ಗೆ ಎದ್ದವರೇ ಟವೆಲ್ ಹಿಡಿದು ಇಲ್ಲಿಗೆ ಓಡಿ ಬಂದಿದ್ದಾರೆ.

ಮೊದಲ ಭಾಗವೆಲ್ಲ ಸಲೀಸು. ಚಾಪೆಯ ಮೇಲಿನ ಹೆಜ್ಜೆಗೆ ಒಂದು ಸದ್ದು, ಹಲಗೆಯ ಮೇಲೆ ಇನ್ನೊಂದು, ನೀರಿನ ತೊಟ್ಟಿಯ ಬಳಿ ತೊಟತೊಟ. ಆದರೆ ಪಡುವಣ ಪಡಸಾಲೆಗೆ ಬಂದರೆ ಸಾವು ಖಂಡಿತ. ಛತ್ರದ ಯಜಮಾನಿ, ಆ ಒದ್ದೆ ಕಾಲಿನವಳು, ಪಕ್ಕದ ಬಾಗಿಲಿಂದ ಹೊರಬೀಳುವ ಮೊದಲು ಬಾಗಿಲ ಸಂದಿಯಲ್ಲಿ ಅವಳ ದೀಪದ ಬೆಳಕು ಕಾಣುತ್ತದೆ. ಕಣ್ಣಿದ್ದವರು ಅದನ್ನು ನೋಡಿ ನಿಲ್ಲುತ್ತಾರೆ. ಸಪ್ಪಳ ಕೇಳಿಸುವ ಹೊತ್ತಿಗೆ ಅವಳ ಕೈ ಕುತ್ತಿಗೆಗೆ ಬಂದಿರುತ್ತದೆ. ಫುಸಾಯೆ ಹಳೆಯ ಆಟವನ್ನೂ ಅದೇ ಟವೆಲ್ ಕಟ್ಟಿಕೊಂಡು ಆಡುತ್ತಾರೆ. ಅಲ್ಲಿಯೂ ಸಾವು. ಎರಡರ ಸದ್ದೂ ಎಳೆ ಎಳೆ ಒಂದೇ. ಹಾಗಾದರೆ ಸೆನ್ಸೆ ಇಷ್ಟು ವರ್ಷ ದಾಟಿದ್ದು ಹೇಗೆ?

ಮೂವತ್ತನಾಲ್ಕರ ಕುರೊಯಿವಾ ಈ ತಂಡದ ಮುಖ್ಯಸ್ಥ. ಮೂರು ರಾತ್ರಿ ನಿದ್ದೆಗೆಟ್ಟ ಮುಖ ಹೊತ್ತು ಬಂದು, ಪೂರ್ತಿ ಕೇಳಿ, ಎರಡು ಕೈಯಲ್ಲೂ ತಲೆ ಹಿಡಿದುಕೊಳ್ಳುತ್ತಾನೆ. "ಹಳೇದ್ರಲ್ಲೂ ಸಾಯ್ತೀರಿ, ಹೊಸದ್ರಲ್ಲೂ ಸಾಯ್ತೀರಿ. ಅಂದ್ರೆ ಎರಡೂ ಒಂದೇ ಅಂತ ಆಯ್ತಲ್ಲ? ತಪ್ಪೆಲ್ಲಿದೆ, ತೋರಿಸಿ. ಇಲ್ದಿದ್ರೆ ಮೊಹರು ಒತ್ತಿ." ಪರೀಕ್ಷೆ ಮುಗಿಯಿತೆಂದು ಫುಸಾಯೆಯ ಮೊಹರು ಬೀಳದೆ ಆಟ ಹೊರಗೆ ಹೋಗುವಂತಿಲ್ಲ. "ನಾಳೆ ಹೇಳ್ತೀನಿ," ಎನ್ನುತ್ತಾರೆ ಫುಸಾಯೆ. ಕುರೊಯಿವಾ ಹಲ್ಲು ಕಡಿಯುವುದು ನನ್ನ ಮೇಜಿನವರೆಗೂ ಕೇಳಿಸುತ್ತದೆ.

ಸಂಜೆ ಫುಸಾಯೆಯ ಜೊತೆ ನಾನೂ ಕುತ್ತಿಗೆ ನೋವಿನ ನೆಪ ಹೇಳಿಕೊಂಡು ಸೆನ್ಸೆಯ ಬಳಿ ಹೋಗುತ್ತೇನೆ. "ಆಡಿ ತೋರಿಸ್ತೀರಾ? ಹೇಗೆ ಆಡ್ತೀರೋ ನಂಬಕ್ಕೇ ಆಗಲ್ಲ," ಎಂದು ಫುಸಾಯೆ ಕೆಣಕಿದರೆ ಸಾಕು, ಸೆನ್ಸೆ ಮಕ್ಕಳ ಹಾಗೆ ಎದ್ದು ನಿಲ್ಲುತ್ತಾರೆ. ಯಂತ್ರವನ್ನು ಮೆತ್ತೆಯ ಮೇಲೆ ತಲೆಕೆಳಗಾಗಿ ಮಲಗಿಸುತ್ತಾರೆ. ಹಾಗೆ ಮಲಗಿಸದಿದ್ದರೆ ಅದು ಆಟದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಓದುವುದಿಲ್ಲ. ಆಮೇಲೆ ಕಾಲುಚೀಲ ಕಳಚಿ, ಬರಿಗಾಲನ್ನು ಯಂತ್ರದ ಬೆನ್ನಿನ ಮೇಲೆ ಮೆಲ್ಲಗೆ ಇಡುತ್ತಾರೆ.

ಪಡುವಣ ಪಡಸಾಲೆ ಬರುತ್ತದೆ. ಹುಡುಗಿ ನಡೆಯುತ್ತಾಳೆ, ನಡೆಯುತ್ತಾಳೆ, ಥಟ್ಟನೆ ನಿಲ್ಲುತ್ತಾಳೆ. ಯಜಮಾನಿ ಮೂಗಿನ ತುದಿಯಲ್ಲಿ ಹಾದುಹೋಗುತ್ತಾಳೆ.

"ಈಗ ಹೇಗೆ ಗೊತ್ತಾಯ್ತು?" ಫುಸಾಯೆ ಕೇಳುತ್ತಾರೆ.

"ಇವನೇ ಹೇಳಿದ್ನಲ್ಲ." ಸೆನ್ಸೆ ಕಾಲಿಂದ ಯಂತ್ರವನ್ನು ತಟ್ಟುತ್ತಾರೆ. "ಅವಳು ಬರೋ ಮುಂಚೆ ಇವನ ಹೊಟ್ಟೆ ಗೊರಗೊರ ಅನ್ನುತ್ತೆ. ನಿಮಗೆ ಕೇಳ್ಸಲ್ವಾ? ಕಣ್ಣಿದ್ದೋರಿಗೆ ಕಿವಿ ಅಲಂಕಾರಕ್ಕೆ ಬಿಡಿ."

ಫುಸಾಯೆ ನನ್ನ ತೋಳು ಹಿಂಡುತ್ತಾರೆ. ಯಜಮಾನಿಯ ಚಿತ್ರವನ್ನು ತಟ್ಟೆಯಿಂದ ಎತ್ತಿಕೊಳ್ಳಲು ಹಳೆಯ ಯಂತ್ರ ಗೊರಗುಟ್ಟುತ್ತಿತ್ತು. ಆಫೀಸಿನಲ್ಲಿ ನಾವು ಹಳೆಯ ಆಟವನ್ನು ಓಡಿಸುತ್ತಿದ್ದುದು ಕಂಪ್ಯೂಟರಿನಲ್ಲಿ. ಅದರಲ್ಲಿ ತಟ್ಟೆಯೇ ಇಲ್ಲ. ನಿಜವಾದ ಯಂತ್ರವನ್ನು ಸ್ವಾಗತ ಕೋಣೆಯ ಗಾಜಿನ ಬೀರುವಿನಲ್ಲಿ ಹೂದಾನಿಯ ಪಕ್ಕ ಇಟ್ಟಿದ್ದೇವೆ. ಎರಡು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹೋಲಿಸಿದ ಇಡೀ ತಂಡದಲ್ಲಿ ಒಬ್ಬರೂ ಅದಕ್ಕೆ ವಿದ್ಯುತ್ ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಆಫೀಸಿನಲ್ಲಿ ಬೆಂಕಿ ಬೀಳುತ್ತದೆ.

"ಅದು ಆಟದ ಸದ್ದಲ್ಲ, ಯಂತ್ರದ ಕಾಯಿಲೆ!" ಕುರೊಯಿವಾ ಕಿರುಚುತ್ತಾನೆ. "ಅದನ್ನ ಹಾಕಿದ್ರೆ ಮಿಕ್ಕೋರೆಲ್ಲ ಇದೇನು ಕರಕರ ಅಂತ ದೂರು ಕೊಡ್ತಾರೆ."

"ಸದ್ದು ಬೇಡ. ಹೊಸ ಕಂಟ್ರೋಲರ್ ಅಂಗೈಯಲ್ಲಿ ನಡುಗುತ್ತಲ್ಲ, ಆ ಜಾಗದಲ್ಲಿ ಸ್ವಲ್ಪ ನಡುಗಿಸಿ. ಸಾಕು."

"ಸ್ವಲ್ಪ! ಸೋಮವಾರದಿಂದ ಯಾರೂ ಒಂದು ಅಕ್ಷರಾನೂ ಮುಟ್ಟಬಾರ್ದು ಅಂತ ಬೀಗ ಹಾಕಿದ್ದೀವಿ. ಒಂದು ಕಡೆ ಕೈ ಹಾಕಿದ್ರೆ ಇನ್ನೊಂದು ಕಡೆ ಕುಸಿಯುತ್ತೆ. ನಾಳೆ ಕೊಡ್ಲಿಲ್ಲ ಅಂದ್ರೆ ಆಟ ಹೊರಗೆ ಬರೋದು ಮುಂದಿನ ವರ್ಷ. ಯಾರಿಗೋಸ್ಕರ? ಒಬ್ಬ ಮನುಷ್ಯನಿಗೋಸ್ಕರ!"

"ಒಬ್ಬರು ನಂಗೆ ಗೊತ್ತಿರೋರು. ಗೊತ್ತಿಲ್ದೋರು ಎಷ್ಟಿದ್ದಾರೋ."

"ನಿಮ್ಮ ಗುತ್ತಿಗೆ ಈ ತಿಂಗಳು ಮುಗಿಯುತ್ತೆ. ನೆನಪಿದೆಯಲ್ಲ?"

ಆ ಮಾತು ಕೇಳಿ ನನಗೆ ಮೈ ಉರಿಯುತ್ತದೆ. ಬಾಯಿ ಬಿಡಲು ಧೈರ್ಯ ಸಾಲುವುದಿಲ್ಲ. ಫುಸಾಯೆ ಮೊಹರನ್ನು ಚೀಲದೊಳಗೆ ಹಾಕಿ ಜಿಪ್ ಎಳೆಯುತ್ತಾರೆ. ಆಮೇಲೆ ಟವೆಲನ್ನು ಅವನ ಮುಂದೆ ಹಿಡಿಯುತ್ತಾರೆ. "ನೀವೊಂದು ಸಲ ದಾಟಿ, ಕುರೊಯಿವಾಸಾನ್. ದಾಟಿದ್ರೆ ಈಗಲೇ ಒತ್ತಿಬಿಡ್ತೀನಿ."

ಅವನು ರೇಗಿಕೊಂಡೇ ಟವೆಲ್ ಕಟ್ಟಿಕೊಳ್ಳುತ್ತಾನೆ. ಈ ಪಡಸಾಲೆಯ ಒಂದೊಂದು ಹಲಗೆಯೂ ಅವನ ಕೈಯಲ್ಲಿ ಆದದ್ದು. ಸಾಯುತ್ತಾನೆ. ಮತ್ತೆ ಸಾಯುತ್ತಾನೆ. ಪ್ರತಿ ಸಲ ಸಪ್ಪಳಕ್ಕೆ ಬೆಚ್ಚಿ ಭುಜ ಕುಣಿಸುತ್ತಾನೆ. ಕೊನೆಗೆ ಟವೆಲ್ ಕಿತ್ತೆಸೆದಾಗ ಹಣೆಯ ತುಂಬ ಬೆವರು.

"ಇದು ಆಟನೇ ಅಲ್ಲ, ಮೋಸ!" ಎನ್ನುತ್ತಾನೆ. ಆಮೇಲೆ ತನ್ನ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಬೀಗ ತೆಗೆಯಲು ಹೇಳುತ್ತಾನೆ.

ನಡುಕ ಸೇರಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಭಯವಿರುವುದು ಆಮೇಲಿನದಕ್ಕೆ. ಅವನು ಹೇಳಿದಂತೆಯೇ ಆಗುತ್ತದೆ: ಪಡಸಾಲೆ ಸರಿಹೋಗುತ್ತದೆ, ಅಡುಗೆಮನೆಯಲ್ಲಿ ಕಂಟ್ರೋಲರ್ ನಡುಗಲು ಶುರುವಾಗಿ ನಿಲ್ಲುವುದೇ ಇಲ್ಲ. ಅದನ್ನು ಸರಿಮಾಡಿದರೆ ಬಾವಿಕಟ್ಟೆಯ ಬಳಿ ಆಟ ನಿಂತುಹೋಗುತ್ತದೆ. ಫುಸಾಯೆ ಊದಿದ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಎಲ್ಲ ಕೋಣೆಗಳನ್ನೂ ಮೊದಲಿಂದ ಆಡುತ್ತಾರೆ, ತಪ್ಪು ಕೂಗುತ್ತಾರೆ, ಮತ್ತೆ ಆಡುತ್ತಾರೆ. ನಾನು ತಂದಿಟ್ಟ ಅನ್ನದ ಉಂಡೆ ಹಾಗೇ ಒಣಗುತ್ತದೆ. ಶುಕ್ರವಾರ ಬೆಳಿಗ್ಗೆ ಕುರೊಯಿವಾ ಅವರ ಬೆನ್ನ ಹಿಂದೆ ಅತ್ತಿಂದಿತ್ತ ತಿರುಗುತ್ತಾ, "ಆಯ್ತಾ? ಇನ್ನೂ ಆಗ್ಲಿಲ್ವಾ?" ಎಂದು ಪೀಡಿಸುತ್ತಾನೆ. "ನಿಮ್ಮ ನೆರಳು ಪರದೆ ಮೇಲೆ ಬೀಳ್ತಿದೆ, ಹೋಗಿ ಆಚೆ," ಎನ್ನುತ್ತಾರೆ ಫುಸಾಯೆ. ಗಡುವಿಗೆ ಸ್ವಲ್ಪ ಮುಂಚೆ ಚೀಲದ ಜಿಪ್ ತೆರೆದುಕೊಳ್ಳುತ್ತದೆ. ಮೊಹರು ಬೀಳುತ್ತದೆ. ಕುರೊಯಿವಾ ಅಲ್ಲೇ ನೆಲದ ಮೇಲೆ ಕುಕ್ಕರಿಸುತ್ತಾನೆ.

ಆಟ ಕಳೆದ ತಿಂಗಳು ಅಂಗಡಿಗೆ ಬಂದಿದೆ. ಅಷ್ಟರೊಳಗೆ ಫುಸಾಯೆಯ ಗುತ್ತಿಗೆ ಇನ್ನೂ ಮೂರು ತಿಂಗಳು ಮುಂದುವರಿದಿದೆ. ಚೀಟಿಗೆ ಸಹಿ ಹಾಕಿದವನು ಕುರೊಯಿವಾ, ಆ ಬಗ್ಗೆ ಒಂದು ಮಾತೂ ಆಡಿಲ್ಲ. ಹೊಸ ಚಿತ್ರಗಳು ಎಷ್ಟು ಚೆಂದ ಎಂದು ಜನ ಹೊಗಳುತ್ತಿದ್ದಾರೆ. ಪಡಸಾಲೆಯ ನಡುಕದ ಬಗ್ಗೆ ಯಾರೂ ಚಕಾರ ಎತ್ತಿಲ್ಲ.

ಬಿಡುಗಡೆಯ ಬೆಳಿಗ್ಗೆ, ಅಂಗಡಿಯಿಂದ ಆಟ ತಂದವರೇ, ಸೆನ್ಸೆ ನಮ್ಮನ್ನು ಕರೆದು ಕೂರಿಸಿಕೊಂಡಿದ್ದಾರೆ. ಹೊಸ ಯಂತ್ರದ ಮೇಲೆ ಬರಿಗಾಲಿಟ್ಟು, "ಇದೇನ್ರೀ, ಹೆಣದ ಹಾಗೆ ತಣ್ಣಗಿದೆ," ಎಂದು ಮುಖ ಹುಳ್ಳಗೆ ಮಾಡುತ್ತಾರೆ. ಫುಸಾಯೆ ಬಾಯಿ ಬಿಡುವುದಿಲ್ಲ. ಬಿಡುವಂತಿಲ್ಲ. ಮೊಣಕಾಲ ಮೇಲೆ ಕೈ ಬಿಗಿಹಿಡಿದು ಕುಳಿತಿದ್ದಾರೆ. ಚಾಪೆ, ಹಲಗೆ, ನೀರಿನ ತೊಟ್ಟಿ. ಪಡುವಣ ಪಡಸಾಲೆ. ಹುಡುಗಿ ನಡೆಯುತ್ತಾಳೆ. ಕಂಟ್ರೋಲರ್ ಸೆನ್ಸೆಯ ಅಂಗೈಯಲ್ಲಿ ನಡುಗಿದ್ದು ಎದುರಿಗಿದ್ದ ನನಗೇ ಕಾಣುತ್ತದೆ. ಹುಡುಗಿ ಇನ್ನೊಂದು ಹೆಜ್ಜೆ ಇಡುತ್ತಾಳೆ. ಕಿರುಚು.

ಫುಸಾಯೆಯ ಮುಖ ಬಿಳಿಚಿಕೊಳ್ಳುತ್ತದೆ.

ಸೆನ್ಸೆ ತೊಡೆ ತಟ್ಟಿಕೊಂಡು ನಗುತ್ತಾರೆ. "ಥತ್! ಅವಳು ಬರ್ತೀನಿ ಅಂತ ಕೈ ಹಿಡಿದು ಹೇಳಿದ್ಲು. ನಾನೇ ದಡ್ಡ, ಕಾಲಲ್ಲಿ ಕಾಯ್ತಾ ಕೂತಿದ್ದೆ. ಇರಿ, ಇನ್ನೊಂದ್ಸಲ."

ಹೊರಗೆ ಬಂದು ಮಾರುಕಟ್ಟೆ ಬೀದಿಯಲ್ಲಿ ನಡೆಯುವಾಗ, ಈ ಲೇಖನದ ಕೊನೆಗೆ ಏನಾದರೂ ಒಂದು ಮಾತು ಹೇಳಿ ಎಂದು ಫುಸಾಯೆಯನ್ನು ಕೇಳುತ್ತೇನೆ. ಹೆಬ್ಬೆರಳು ನೀವಿಕೊಳ್ಳುತ್ತಾ ಯೋಚಿಸುತ್ತಾರೆ.

"ಸೆನ್ಸೆ ಸತ್ರು," ಎನ್ನುತ್ತಾರೆ. "ಆದ್ರೆ ಅವರ ತಪ್ಪಿಂದ ಸತ್ರು, ನಮ್ಮ ತಪ್ಪಿಂದ ಅಲ್ಲ. ಹಾಗಂತ ಬರ್ಕೊಳ್ಳಿ."