ಅವ್ವನ ಹಸಿರು ಗೆರೆ

ಮಂಡ್ಯದ ಫಾರ್ಮಸಿ ಕಾಲೇಜಿನಲ್ಲಿ ನಾನು ಕೊನೆಯ ವರ್ಷದಲ್ಲಿದ್ದಾಗ ನಮಗೊಂದು ಪ್ರಾಜೆಕ್ಟ್ ಕೊಟ್ಟರು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಒಬ್ಬರನ್ನು ಆರಿಸಿಕೊಳ್ಳಬೇಕು, ಫೋನಿನಲ್ಲಿ ಆರೋಗ್ಯದ ಆ್ಯಪ್ ಹಾಕಿಕೊಟ್ಟು ಅದನ್ನು ಬಳಸುವುದನ್ನು ಅವರಿಗೆ ಕಲಿಸಬೇಕು, ಕೆಲವು ತಿಂಗಳು ಅವರ ಶುಗರ್ ಎಷ್ಟಿದೆ ಎಂದು ದಿನವೂ ದಾಖಲಾಗುವಂತೆ ನೋಡಿಕೊಳ್ಳಬೇಕು, ಆಮೇಲೆ ಆ ಗ್ರಾಫ್ ಇಟ್ಟುಕೊಂಡು ವರದಿ ಬರೆಯಬೇಕು. ಯಾರನ್ನು ಆರಿಸಲಿ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಆ ಕಾಯಿಲೆ ಇದ್ದದ್ದು ಅವ್ವನಿಗೆ.

ಅದಕ್ಕೂ ಮುಂಚೆ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಮ್ ನಮ್ಮಿಂದಲೇ ಒಂದು ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಫೋನಿನಲ್ಲಿ ಸಿಗುವ ಆರೋಗ್ಯದ ಮಾಹಿತಿಯಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ನಿಮಗೆ ತಿಳಿಯುತ್ತದೆಯೇ? ಆ್ಯಪ್ ತೋರಿಸುವ ಅಂಕಿಗಳನ್ನು ಅರ್ಥ ಮಾಡಿಕೊಳ್ಳಬಲ್ಲಿರಾ? ಇಂಥವೇ ಪ್ರಶ್ನೆಗಳು. ತರಗತಿಗೆ ತರಗತಿಯೇ ಕಣ್ಣು ಮುಚ್ಚಿಕೊಂಡು 'ಬಹಳ ಚೆನ್ನಾಗಿ' ಎಂಬಲ್ಲಿ ಗುರುತು ಹಾಕಿತು. ಅದೇ ನಾವು ಹಾಸ್ಟೆಲ್ಲಿನ ಮಂಚದ ಮೇಲೆ ಕಾಲು ಚಾಚಿ ಕೂತು, ಹೆಜ್ಜೆ ಎಣಿಸುವ ಆ್ಯಪ್‌ಗೆ ಮೋಸ ಮಾಡಲು ಫೋನನ್ನು ಅಲ್ಲಾಡಿಸುತ್ತಿದ್ದೆವು. ನನ್ನ ರೂಮಿನವಳೊಬ್ಬಳು ಹಾಗೆ ಅಲ್ಲಾಡಿಸಿಯೇ ಗೆಳತಿಯರ ಗುಂಪಿನಲ್ಲಿ ಮೊದಲು ಬರುತ್ತಿದ್ದಳು. ನಮಗೆ ಅದು ನಗುವ ವಿಷಯ.

ನಮ್ಮೂರು ಬೆಸಗರಹಳ್ಳಿಯ ಪಕ್ಕ. ಮದ್ದೂರಿಗೆ ಬಂದು ಬಸ್ಸು ಬದಲಿಸಿದರೆ ಮಂಡ್ಯ ದೂರವೇನಲ್ಲ, ಆದರೆ ಲ್ಯಾಬ್ ಮುಗಿಯುವ ಹೊತ್ತಿಗೆ ಊರಿನ ಬಸ್ಸು ನೆಚ್ಚಿಕೊಳ್ಳುವಂತಿರಲಿಲ್ಲವಾದ್ದರಿಂದ ನಾನು ಹಾಸ್ಟೆಲ್ಲಿನಲ್ಲಿದ್ದೆ. ಒಂದು ಭಾನುವಾರ ಊರಿಗೆ ಹೋದವಳು ಅವ್ವನ ಕೈಗೆ ನನ್ನ ಹಳೆಯ ಫೋನನ್ನೂ ಶುಗರ್ ನೋಡುವ ಪುಟ್ಟ ಮೀಟರನ್ನೂ ಕೊಟ್ಟೆ. ಬೆರಳು ಚುಚ್ಚಿ ಪಟ್ಟಿಗೆ ರಕ್ತ ತಾಗಿಸಿದರೆ ಸಾಕು. ಅಂಕಿ ತಾನಾಗಿಯೇ ಅವಳ ಫೋನಿಗೆ ಹೋಗಿ, ಅಲ್ಲಿಂದ ನನ್ನ ಫೋನಿಗೂ ಬರುತ್ತಿತ್ತು. ಅವ್ವನಿಗೆ ಓದಲು ಬಾರದು. ಅದಕ್ಕೆ ಬಣ್ಣ ತೋರಿಸಿಕೊಟ್ಟೆ: ಹಸಿರು ಬಂದರೆ ಒಳ್ಳೆಯದು, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಕೆಟ್ಟದ್ದು.

ಅವತ್ತು ಕೆಂಪೇ ಬಂತು. ಅವ್ವ ನನ್ನ ಮುಖ ನೋಡಿದಳು.

"ಇದೇನ್ ಮಗಾ, ನಿನ್ ಪ್ರಾಜೆಕ್ಟಾ?"

"ಊಂ ಕಣವ್ವ. ಮಾರ್ಕ್ಸ್ ಅದೆ ಇದ್ಕೆ."

"ಅಂಗಾರೆ ಸರಿ ಬುಡು, ನಾನ್ ನೋಡ್ಕತೀನಿ."

ನಮ್ಮ ಕಡೆ ಪ್ರಾಜೆಕ್ಟ್ ಎಂದರೆ ಏನೆಂದು ಇಲ್ಲಿ ಹೇಳಬೇಕು. ಅದು ಮಕ್ಕಳ ಹೆಸರಿನಲ್ಲಿ ಮನೆಯವರು ಮಾಡಿಕೊಡುವ ಕೆಲಸ. ನಾನು ಸ್ಕೂಲಿನಲ್ಲಿದ್ದಾಗ ಗುಡಿಸಲಿನ ಮಾದರಿ ಮಾಡಿಕೊಂಡು ಬನ್ನಿ ಎಂದರೆ ರಾಗಿ ಹುಲ್ಲು ಹೊದಿಸಿ ಕಟ್ಟಿದವಳು ಅವ್ವ. ಎಲೆಗಳನ್ನು ಒಣಗಿಸಿ ಅಂಟಿಸಿ ಎಂದರೆ ಹೊಲವೆಲ್ಲ ತಿರುಗಿ ಆರಿಸಿದವಳೂ ಅವಳೇ. ನನಗೆ ಬರೀ ಹೆಸರು ಬರೆಯುವ ಕೆಲಸ. ಮೇಷ್ಟರಿಗೂ ಇದು ಗೊತ್ತಿತ್ತು, ಚೆನ್ನಾಗಿದ್ದರೆ ಮಾರ್ಕ್ಸ್ ಕೊಡುತ್ತಿದ್ದರು. ಹಾಗಾಗಿ ಅವ್ವನ ಮಟ್ಟಿಗೆ ಪ್ರಾಜೆಕ್ಟ್ ಚೆನ್ನಾಗಿ ಕಾಣಬೇಕು, ಅಷ್ಟೆ.

ಮೊದಲ ಎರಡು ದಿನ ಹಾಸ್ಟೆಲ್ಲಿಗೆ ಕೆಂಪು ಬಂತು. ಆಮೇಲೆ ಹಸಿರು ಬರಲು ಶುರುವಾದದ್ದು ನಿಲ್ಲಲೇ ಇಲ್ಲ. ಹಲ್ಲುಜ್ಜುವ ಮುಂಚೆ ನಾನು ಫೋನು ನೋಡುತ್ತಿದ್ದೆ, ಹಸಿರು ಚುಕ್ಕಿ ಬಂದು ಕೂತಿರುತ್ತಿತ್ತು. ಚುಕ್ಕಿಗಳೆಲ್ಲ ಸೇರಿ ನೆಟ್ಟಗೆ ಒಂದು ಗೆರೆಯಾಯಿತು. ಮುದ್ದೆ ಜಾಸ್ತಿ ಮಾಡಿ ಅನ್ನ ಕಡಿಮೆ ಮಾಡು, ಆಲೆಮನೆಯಿಂದ ಬಂದ ಬೆಲ್ಲ ಮುಟ್ಟಬೇಡ ಎಂದು ನಾನು ಹೇಳಿದ್ದೆ. ಅವ್ವ ಮಾತು ಕೇಳಿದ್ದಾಳೆ ಎಂದುಕೊಂಡು ಹಿರಿಹಿರಿ ಹಿಗ್ಗಿದೆ. ಬೇರೆಯವರ ಗ್ರಾಫುಗಳು ಏರಿ ಇಳಿದು ಅಂಕುಡೊಂಕಾಗಿದ್ದರೆ ನನ್ನದೊಂದೇ ನೆಟ್ಟಗಿತ್ತು. ಮೇಡಮ್ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ರೋಗಿಗೆ ಸರಿಯಾಗಿ ಕಲಿಸಿದರೆ ಹೀಗಾಗುತ್ತದೆ ಎಂದರು. ಔಷಧಿಯ ವಿಷಯ ಓದುವ ಅಷ್ಟು ಜನರಲ್ಲಿ, ಮನುಷ್ಯರ ಶುಗರ್ ಹೀಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಇರುವುದಿಲ್ಲವಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಬೆಳಿಗ್ಗೆ ಅವ್ವ ಫೋನು ಮಾಡಿದರೆ ಮೊದಲ ಮಾತು ಅದೇ.

"ಬಂತಾ ಮಗಾ, ಅಸ್ರು?"

"ಬಂತು ಕಣವ್ವ."

ಒಂದು ಸಲ ಮಾತಿನ ನಡುವೆ, ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿ ಕಾಲಿನ ಹೆಬ್ಬೆರಳ ಬುಡದಲ್ಲಿ ಗಾಯವಾಗಿದೆ, ಇನ್ನೂ ವಾಸಿಯಾಗಿಲ್ಲ ಎಂದಳು. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಆ ಮೋಟುಗಳು ಎಲ್ಲರ ಕಾಲಿಗೂ ಚುಚ್ಚುತ್ತವೆ. ನಾನು ಫೋನು ತೆರೆದು ಹಸಿರು ಗೆರೆ ನೋಡಿ, "ನಿನ್ ಸುಗರ್ ಚೆನ್ನಾಗದೆ ಕಣವ್ವ, ವಾಸಿ ಆಯ್ತದೆ. ಮುಲಾಮು ಹಚ್ಕೊ, ಬರಿಗಾಲಲ್ಲಿ ಓಗ್ಬೇಡ" ಎಂದೆ. ಅವ್ವ ಊಂ ಎಂದಳು.

ಆಯುಧಪೂಜೆಗೆ ಊರಿಗೆ ಹೋದಾಗ ಒಳಗೆ ಕಾಲಿಟ್ಟ ಕೂಡಲೇ ನನಗೆ ವಾಸನೆ ಬಡಿಯಿತು. ಅವ್ವ ಕಾಲಿಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು, ಕುಂಟಿಕೊಂಡೇ ಹಬ್ಬದ ಅಡುಗೆ ಮಾಡುತ್ತಿದ್ದಳು. ಬಟ್ಟೆ ಬಿಚ್ಚಿಸಿದೆ. ಹೆಬ್ಬೆರಳು ಕಪ್ಪಾಗಿತ್ತು, ಅದರ ಪಕ್ಕದ್ದೂ ಬಣ್ಣ ತಿರುಗಿತ್ತು. ನೋವಾಗುವುದಿಲ್ಲವೇ ಎಂದರೆ ಇಲ್ಲ ಎಂದಳು. ಸ್ಪರ್ಶವೇ ಹೋಗಿದೆ ಎಂದು ನನಗೆ ಆಗ ತಿಳಿಯಿತು. ಪುಸ್ತಕದಲ್ಲಿ ಓದಿ, ಚಿತ್ರ ಬರೆದು, ಪರೀಕ್ಷೆಯಲ್ಲಿ ಉತ್ತರಿಸಿದ್ದ ಸಂಗತಿ ನಮ್ಮ ಅಡುಗೆಮನೆಯ ನೆಲದ ಮೇಲೆ ಚಾಚಿಕೊಂಡಿತ್ತು.

ಅಪ್ಪ, ನಾನು, ಗೋಡೆಯಾಚೆಯ ಮನೆಯ ಚಿಕ್ಕವ್ವ ಸೇರಿ ಅವಳನ್ನು ಆಟೋದಲ್ಲಿ ಮದ್ದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿಸ್ಟರ್ ಅವ್ವನ ಬೆರಳು ಚುಚ್ಚಿ ನೋಡಿ ಡಾಕ್ಟರನ್ನು ಕರೆದರು. ಅಷ್ಟು ಜಾಸ್ತಿ ಇತ್ತು. ನಾನು ಸುಮ್ಮನಿರಲಿಲ್ಲ. ನಿಮ್ಮ ಮೀಟರ್ ಸರಿಯಿಲ್ಲ ಎಂದು ಜಗಳಕ್ಕೇ ನಿಂತೆ. ನಾನು ಫಾರ್ಮಸಿ ಓದುತ್ತಿರುವವಳು, ದಿನವೂ ನೋಡುತ್ತಿದ್ದೇನೆ, ಇಲ್ಲಿ ನೋಡಿ ಎಂದು ಡಾಕ್ಟರ ಮುಖದ ಹತ್ತಿರಕ್ಕೇ ಫೋನು ಹಿಡಿದೆ. ಅವರು ಗೆರೆಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದರು.

"ಇದು ಯಾರ ರಕ್ತ ಅಮ್ಮ?" ಎಂದರು.

ಬಾಗಿಲ ಹತ್ತಿರ ನಿಂತಿದ್ದ ಚಿಕ್ಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಂದು ಕಣವ್ವ" ಎಂದಳು ನನ್ನ ಕಡೆ ತಿರುಗಿ.

ಚಿಕ್ಕವ್ವ ಅಳುತ್ತಲೇ ಹೇಳಿದಳು. "ಅಕ್ಕ ಚುಚ್ಕಂಡ್ರೆ ಕೆಂಪು ಬತ್ತಿತ್ತು. ಕೆಂಪು ಕಳ್ಸುದ್ರೆ ಹುಡ್ಗಿ ಮಾರ್ಕ್ಸ್ ಕಿತ್ಕತ್ತಾರೆ, ನಿಂದ್ರಲ್ಲಿ ಅಸ್ರು ಬತ್ತದೆ, ಬೆರಳು ಕೊಡು ಅಂತು. ನಿನ್ ಪ್ರಾಜೆಕ್ಟಲ್ವಾ ಅಂತ ಕೊಟ್ಟೆ."

ನಾನು ಕಿರುಚಾಡಿದೆ. ನಿನಗೆ ಬುದ್ಧಿ ಇಲ್ಲವಾ, ನಿನ್ನ ಕೈ ಸೇದಿಹೋಗ ಎಂದೆಲ್ಲ ಬಾಯಿಗೆ ಬಂದದ್ದು ಬೈದೆ. ದಿನ ಬೆಳಗಾದರೆ ನನಗೋಸ್ಕರ ಬೆರಳು ಚುಚ್ಚಿಸಿಕೊಂಡವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಜನ ನೋಡುತ್ತಿದ್ದಾರೆ, ಸುಮ್ಮನಿರು ಎಂದು ಅಪ್ಪ ನನ್ನ ತೋಳು ಹಿಡಿದು ಆಚೆಗೆ ಎಳೆದ. ಅವ್ವ ಹಾಸಿಗೆಯ ಮೇಲೆ ಕೂತವಳು ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು. "ನೀನೇ ಸುಗರ್ ಚೆನ್ನಾಗದೆ ಅಂದಲ್ಲ ಮಗಾ. ದಿನಾ ಅಸ್ರು ನೋಡೀ ನೋಡೀ ನಂಗೂ ವಾಸಿ ಆಗದೆ ಅಂತ್ಲೇ ಅನ್ನಿಸ್ತಿತ್ತು."

ಆ ಮಾತಿಗೆ ನನ್ನ ಕೋಪವೆಲ್ಲ ಹೊಟ್ಟೆಯೊಳಗೇ ಉಳಿದುಕೊಂಡಿತು. ಇವತ್ತಿಗೂ ಅದು ಹೋಗಿಲ್ಲ. ಯಾರ ಮೇಲೆ ಎಂದು ಕೇಳಿದರೆ ಒಂದೊಂದು ದಿನ ಒಬ್ಬೊಬ್ಬರ ಮೇಲೆ. ಬೆರಳು ಯಾರದೆಂದು ಕೇಳದೆ 'ಶಭಾಷ್, ಹೀಗೇ ಮುಂದುವರಿಸಿ' ಎಂದು ಹೂವಿನ ಚಿತ್ರ ತೋರಿಸುತ್ತಿದ್ದ ಆ ಆ್ಯಪ್‌ನ ಮೇಲಂತೂ ದಿನವೂ ಇದೆ.

ಮದ್ದೂರಿನಿಂದ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದರು. ಬೆರಳಷ್ಟೇ ತೆಗೆಯುತ್ತೇವೆ ಎಂದವರು ಆಮೇಲೆ ಪಾದದ ಮುಂಭಾಗವನ್ನೇ ತೆಗೆದರು. ವಾರ್ಡಿನಲ್ಲಿ ಎಚ್ಚರವಾದಾಗ ಅವ್ವ ಕಾಲಿನ ಕಡೆ ನೋಡಲಿಲ್ಲ.

"ಮಾರ್ಕ್ಸ್ ಕಮ್ಮಿ ಮಾಡುದ್ರಾ?" ಎಂದು ಕೇಳಿದಳು.

"ಇಲ್ಲ ಕಣವ್ವ, ಪೂರಾ ಕೊಟ್ಟವ್ರೆ."

ಅದು ನಿಜವೂ ಆಗಿತ್ತು. ನಡೆದದ್ದನ್ನೆಲ್ಲ ನಾನು ಮೇಡಮ್ ಹತ್ತಿರ ಹೇಳಿಕೊಂಡಿದ್ದೆ. ಅವರು ತುಂಬ ನೊಂದುಕೊಂಡರು, ಆದರೆ ಹಬ್ಬಕ್ಕೆ ಮುಂಚೆಯೇ ಮಾರ್ಕ್ಸ್ ಕಳಿಸಿ ಆಗಿದೆ, ಇನ್ನೇನು ಮಾಡುವುದು ಎಂದರು. ಅವ್ವನ ಮುಖ ಮಾತ್ರ ಅವತ್ತು ಅರಳಿತು. ಕಾಲು ಹೋದವರ ಮುಖದಲ್ಲಿ ಅಂಥ ಗೆಲುವು ನೋಡಬಾರದು.

ಈಗ ನಾನು ಮಳವಳ್ಳಿಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ, ಅಲ್ಲೇ ರೂಮು ಮಾಡಿಕೊಂಡಿದ್ದೇನೆ. ಅವ್ವ ಈಗ ತನ್ನ ಬೆರಳನ್ನೇ ಚುಚ್ಚಿಕೊಳ್ಳುತ್ತಾಳೆ. ಇನ್ಸುಲಿನ್ ಶುರುವಾಗಿದೆ, ಆದರೂ ಕೆಂಪು, ಆಗೊಮ್ಮೆ ಈಗೊಮ್ಮೆ ಹಳದಿ. ಬೆಳಿಗ್ಗೆ ಫೋನು ಮಾಡಿ, ಪರೀಕ್ಷೆಯಲ್ಲಿ ಫೇಲಾದವಳ ದನಿಯಲ್ಲಿ "ಇವತ್ತೂ ಕೆಂಪು ಕಣ್ ಮಗಾ" ಎನ್ನುತ್ತಿದ್ದಳು. ಇರಲಿ ಬಿಡು ಎನ್ನುತ್ತಿದ್ದೆ. ಅಂಗಡಿಗೆ ಬರುವವರು ಫೋನು ಚಾಚಿ ತಮ್ಮ ತಂದೆಯದೋ ಅತ್ತೆಯದೋ ಶುಗರ್ ತೋರಿಸಿದರೆ, ಯಾರ ಬೆರಳು ಚುಚ್ಚಿದಿರಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ.

ಹೋದ ವಾರ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಫೋನು ನೋಡಿದರೆ ಹಸಿರು ಬಂದಿತ್ತು. ಬಾಗಿಲನ್ನು ಅರ್ಧಕ್ಕೇ ಬಿಟ್ಟೆ. ಅವ್ವನಿಗೆ ಮಾಡಲಿಲ್ಲ, ಚಿಕ್ಕವ್ವನಿಗೆ ಮಾಡಿದೆ.

"ನಿನ್ ಬೆರಳಾ ಚಿಕ್ಕವ್ವ?"

"ನನ್ನಾಣೆಗೂ ಇಲ್ಲ ಕಣವ್ವ. ಆವತ್ನಿಂದ ನಾನು ಆ ಮಿಸೀನು ಮುಟ್ಟಿಲ್ಲ" ಎಂದಳು. ಅಷ್ಟರಲ್ಲಿ ಅಲ್ಲೇ ಇದ್ದ ಅವ್ವ ಅವಳ ಕೈಯಿಂದ ಫೋನು ಕಿತ್ತುಕೊಂಡಿರಬೇಕು. "ನೋಡ್ದಾ ಮಗಾ? ಈ ಸತಿ ನಂದೇ!" ಅಷ್ಟು ಸಂತೋಷದ ದನಿಯನ್ನು ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೇಳಿರಲಿಲ್ಲ. ಚೆನ್ನಾಗಾಯಿತು ಕಣವ್ವ ಎಂದು ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ವಿಡಿಯೋ ಆಕ್ಸವ್ವ. ನನ್ ಮುಂದೆ ಇನ್ನೊಂದ್ ಸತಿ ಚುಚ್ಕೊ."

ಚಿಕ್ಕವ್ವ ವಿಡಿಯೋ ಹಾಕಿ ಫೋನು ಹಿಡಿದುಕೊಂಡಳು. ಅವ್ವ ಇನ್ನೊಂದು ಬೆರಳನ್ನು ಚುಚ್ಚಿ, ಹಿಂಡಿ, ರಕ್ತದ ಹನಿಯನ್ನು ನನಗೆ ಕಾಣುವ ಹಾಗೆ ಎತ್ತಿ ಹಿಡಿದು, ಪಟ್ಟಿಗೆ ತಾಗಿಸಿದಳು. ಮತ್ತೆ ಹಸಿರೇ ಬಂತು. ನಾನು ಏನಾದರೂ ಹೇಳುವ ಮುಂಚೆಯೇ ಅವಳು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೊರಟುಹೋದಳು. ಮಾರನೆಯ ಬೆಳಿಗ್ಗೆಯಿಂದ ಅವ್ವ ಫೋನು ಮಾಡುವುದನ್ನು ನಿಲ್ಲಿಸಿದ್ದಾಳೆ.