ಹಿರಿಯರ ಸಾಲಿಗೆ ಸೇರಿದ ಕರ್ನಲ್

ಒಂದು ಕಡೆ ಕೂತು ಬರೆಯುವ ಜಾಯಮಾನ ನನ್ನದಲ್ಲ. ಆ ಮಳೆಗಾಲದಲ್ಲಂತೂ ದಾಂಡೇಲಿಯ ಬಾಡಿಗೆ ಮನೆಯಲ್ಲಿ ಎರಡು ಸಾಲು ಬರೆದರೆ ನಾಲ್ಕು ಸಲ ಏಳುತ್ತಿದ್ದೆ. ಚಹಾ ಇಡು, ಅದು ಆರಿಹೋಗಲಿ, ಬಾಗಿಲಲ್ಲಿ ನಿಂತು ಮಿಲ್ಲಿನ ಪಾಳಿ ಮುಗಿಸಿ ಬರುವವರನ್ನು ನೋಡು, ಮತ್ತೆ ಬಂದು ಕೂರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನಗೆ ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಒಂದು ಸಣ್ಣ ಪುಸ್ತಕ ಒಪ್ಪಿಸಿದ್ದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸೇನಾಧಿಕಾರಿಯೊಬ್ಬನ ಜೀವನ.

"ಇದನ್ನ ನೀವ ಬರೀಬೇಕ್ರಿ ಮೇಡಂ," ಎಂದಿದ್ದರು. ಯಾಕೆ ನಾನೇ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಧಿಕಾರಿ ಬಿಳಿಯ, ಅವನ ಸೈನಿಕರು ಕಪ್ಪು ಜನ. ನಾನು ಸಿದ್ದಿ, ಯಾವುದೋ ಕಾಲದಲ್ಲಿ ಆಫ್ರಿಕದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದವರ ಸಂತತಿ. ಕಾಳಿ ನದಿ ನೋಡಲು ಬರುವ ಪ್ರವಾಸಿಗರು ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. "ಹಳಿಯಾಳ ದೇಶರಿ," ಎನ್ನುತ್ತೇನೆ. ಅವರ ಮುಖ ನೋಡಬೇಕು ಆಗ.

ಕರ್ನಲ್ ಬಡ ರೈತನ ಮಗ. ಸೈನಿಕ ಶಾಲೆಯಲ್ಲಿ ಅಂಥ ಜಾಣನೇನೂ ಆಗಿರಲಿಲ್ಲ. ಗುಲಾಮರನ್ನು ಇಟ್ಟುಕೊಂಡಿದ್ದ ರಾಜ್ಯಗಳ ವಿರುದ್ಧ ಯುದ್ಧ ಶುರುವಾದಾಗ, ಬಿಡುಗಡೆಯಾದ ಗುಲಾಮರ ದಳವೊಂದಕ್ಕೆ ನಾಯಕ ಬೇಕಾಯಿತು. ಉಳಿದ ಅಧಿಕಾರಿಗಳು ಮೂಗು ಮುರಿದರು, ಇವನು ಒಪ್ಪಿಕೊಂಡ. ಬಡ್ತಿ ತಪ್ಪಿತು, ಗೆಳೆಯರು ದೂರವಾದರು. ಒಂದು ಕೋಟೆಯ ಮುತ್ತಿಗೆಯಲ್ಲಿ ಅವನ ಅರ್ಧ ದಳವೇ ಸತ್ತುಹೋಯಿತು. ಅವರನ್ನು ಹೂಳುವಾಗ ಅವನೂ ಗುದ್ದಲಿ ಹಿಡಿದಿದ್ದ. ಇದನ್ನು ಬರೆಯುವಾಗ ನನಗೆ ಹೆಮ್ಮೆಯೋ ಹೆಮ್ಮೆ.

ಓದಿ ಹೇಳಿದರೆ ಯಾರಿಗಾದರೂ ತಿಳಿಯಬೇಕು ಎಂಬುದು ಪ್ರಕಾಶಕರ ಷರತ್ತು. ಹಾಗಾಗಿ ಭಾನುವಾರ ಬಸ್ಸು ಹತ್ತಿ ಹಳಿಯಾಳದ ಹತ್ತಿರದ ನಮ್ಮೂರಿಗೆ ಹೋಗಿ, ಬರೆದಷ್ಟನ್ನು ಅಪ್ಪನಿಗೆ ಓದುತ್ತಿದ್ದೆ. ಅಣ್ಣ, ವೈನಿ, ಅವರ ಮಕ್ಕಳು, ಕೋಳಿಗಳು, ಮನೆ ತುಂಬ ಗದ್ದಲ. ಮನೆಮಾತು ಕೊಂಕಣಿ. ಆದರೆ ಪುಸ್ತಕದ ವಿಷಯ ಬಂದರೆ ಅಪ್ಪ ಕನ್ನಡಕ್ಕೆ ಹೊರಳುತ್ತಿದ್ದ.

ನಮ್ಮ ಮನೆಯ ಒಂದು ಮೂಲೆ ಹಿರಿಯರದು. ಸತ್ತವರ ಹೆಸರಿನಲ್ಲಿ ಅಲ್ಲಿ ತೆಂಗಿನಕಾಯಿ ಇಟ್ಟು ಅವರನ್ನು ಕೂಡಿಸುತ್ತೇವೆ, ಹಬ್ಬಕ್ಕೆ ಎಡೆ ಇಡುತ್ತೇವೆ. ಒಮ್ಮೆ ಕೂಡಿಸಿದವರನ್ನು ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ. ಕೋಟೆಯ ಅಧ್ಯಾಯ ಓದಿದ ಮರುವಾರ ಹೋದಾಗ ಅಲ್ಲಿ ಎರಡು ಹೊಸ ಕಾಯಿ ಇದ್ದವು.

"ಇವು ಯಾರದಪ್ಪಾ?"

"ಒಂದು ಕ್ವಾಟಿ ಮುಂದ ಸತ್ತ ಹುಡುಗ್ರದು, ಎಲ್ಲಾರಿಗೂ ಕೂಡಿ. ಇನ್ನೊಂದು ನಿನ್ನ ಕರ್ನಲ್ ಸಾಹೇಬಂದು."

"ಅಂವ ಬಿಳಿಯಾಂವ ಅಪ್ಪಾ! ಅಮೆರಿಕಾದಾಂವ!"

"ನಮ್ಮ ಹುಡುಗ್ರಿಗೆ ಮಣ್ಣು ಕೊಟ್ಟಾನಿಲ್ಲೋ? ಮಣ್ಣು ಕೊಟ್ಟಾಂವ ಮನಿಯಾಂವ."

"ಹಂಗಾರ ಹಬ್ಬಕ್ಕ ಸಾಹೇಬ್ರಿಗೆ ಬ್ರೆಡ್ ಎಡಿ ಇಡೂಣೇನ್ರಿ ಮಾವಾರ?" ಎಂದಳು ವೈನಿ. ಎಲ್ಲರೂ ನಕ್ಕೆವು. ಪುಸ್ತಕ ಇನ್ನೂ ಅರ್ಧವೂ ಆಗಿಲ್ಲ, ಸಾಹೇಬರ ಮುಂದಿನ ಬದುಕು ಹೇಗೋ ಏನೋ ಎಂಬುದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮುಂದಿನ ಅಧ್ಯಾಯಕ್ಕೆಂದು ದಾಖಲೆ ತೆರೆದೆ ನೋಡಿ, ನಗು ಹಾರಿಹೋಯಿತು. ಯುದ್ಧ ಮುಗಿದ ಮೇಲೆ ಅದೇ ಕರ್ನಲ್, ಅದೇ ಕಪ್ಪು ಸೈನಿಕರು, ಪಶ್ಚಿಮದ ಬಯಲಿಗೆ ಹೋದರು. ಅಲ್ಲಿನ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸುವುದೇ ಈಗ ಕೆಲಸ. ಚಳಿಗಾಲ ಎದುರಿಗಿರುವಾಗ ಡೇರೆಗಳನ್ನು ಸುಟ್ಟರು, ಕೂಡಿಟ್ಟ ಆಹಾರವನ್ನೂ ಸುಟ್ಟರು. ಅಪ್ಪಣೆ ಕರ್ನಲ್‌ನದು, ಕೊಳ್ಳಿ ಹಿಡಿದ ಕೈ ನಮ್ಮಂಥವರದು. ಸಿಟ್ಟಿನಲ್ಲಿ ಒಂದು ಸಾಲು ಬರೆದೆ: ಇನ್ನೊಬ್ಬರ ಒಲೆ ಆರಿಸಿ ಉಂಡ ಅನ್ನಕ್ಕೆ ಯಾವ ಬಡತನವೂ ನೆಪವಾಗಲಾರದು.

ಬರೆದ ಮೇಲೆ ಅಪ್ಪ ನೆನಪಾದ. ನಾನು ಸಣ್ಣವಳಿದ್ದಾಗ ಅಪ್ಪ ಮುಂಡಗೋಡದ ಕಡೆ ಮರದ ಗುತ್ತಿಗೆದಾರನೊಬ್ಬನ ಕಾವಲುಗಾರ. ಮರ ಒಟ್ಟುವ ಜಾಗಕ್ಕೆ ಗೌಳಿಗಳ ದಡ್ಡಿ ಅಡ್ಡ ಬಂತು. ದಡ್ಡಿ ಎಂದರೆ ಎಮ್ಮೆ ಸಾಕುವ ಅವರ ಗುಡಿಸಲುಗಳ ಸಣ್ಣ ಕೇರಿ. ಅದನ್ನು ಕೀಳಿಸಲು ಗುತ್ತಿಗೆದಾರ ತನ್ನವರನ್ನು ಕಳಿಸಲಿಲ್ಲ, ಅಪ್ಪನೂ ಸೇರಿ ಸಿದ್ದಿಗಳನ್ನು ಕಳಿಸಿದ. ಅವ್ವ ಒಮ್ಮೆ ಹೇಳಿದ್ದಳು, ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾನು ಓದಿದ್ದು ಆ ಪಗಾರದಲ್ಲಿ.

ಸಾಲನ್ನು ತೆಗೆದೆ, ಮತ್ತೆ ಸೇರಿಸಿದೆ. ತೆಗೆದರೆ ಪುಸ್ತಕಕ್ಕೆ ಮೋಸ, ಇಟ್ಟರೆ ಅಪ್ಪನಿಗೆ. ಅತ್ತ ದರಿ, ಇತ್ತ ಪುಲಿ. ಅಪ್ಪನ ಫೋನು ಬರುತ್ತಿತ್ತು: "ಈ ಐತವಾರ ಬರ್ತೀ ಇಲ್ಲೋ? ಮುಂದ ಏನಾತು ಸಾಹೇಬಂದು?" ಪರೀಕ್ಷೆ ಇದೆ ಎಂದೆ, ಬಸ್ಸು ಇಲ್ಲ ಎಂದೆ. ಒಂದು ದಿನ ಮುಂಡಗೋಡದ ಬಸ್ಸನ್ನೇ ಹತ್ತಿಬಿಟ್ಟೆ, ಆ ದಡ್ಡಿಯ ಜಾಗ ನೋಡುತ್ತೇನೆಂದು. ಸಂತೆಯ ದಿನ. ಗೌಳಿ ಹೆಂಗಸೊಬ್ಬಳು ಬೆಣ್ಣೆ ಮಾರುತ್ತಿದ್ದಳು. ಅವಳ ಮುಂದೆ ನಿಂತೆ. ಏನಂತ ಕೇಳಲಿ? ಬೆಣ್ಣೆ ಕೊಂಡು ವಾಪಸು ಬಸ್ಸು ಹತ್ತಿದೆ. ದಾರಿಯಲ್ಲಿ ಅದು ಕರಗಿ ಚೀಲವೆಲ್ಲ ಜಿಡ್ಡಾಯಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಕೊನೆಗೆ ಹೋದೆ. ಅಧ್ಯಾಯ ಓದಿದೆ, ಆ ಸಾಲೊಂದನ್ನು ಹಾರಿಸಿ.

"ಏನೋ ಬಿಟ್ಟಿ," ಎಂದ ಅಪ್ಪ. "ನೀ ಹಿಂಗ ತಡವರಿಸಾಕಿ ಅಲ್ಲ. ಬಿಟ್ಟಿದ್ದು ಓದು."

ಓದಿದೆ. ಅಣ್ಣ ಎದ್ದು ಅಂಗಳಕ್ಕೆ ಹೋದ. ವೈನಿ ಮಕ್ಕಳನ್ನು ಒಳಗೆ ಕರೆದಳು. ಅಪ್ಪ ಹೇಳಿದ: "ಒಂದು ಗುಡಿಸಲದಾಗ ಹಾಲು ಕಾಯಾಕತ್ತಿತ್ತು. ಆ ಹೆಣ್ಮಗಳು, ಹಾಲು ಇಳಿಸೂತನಕ ತಡೀರಿ ಅಣ್ಣಾ ಅಂದ್ಳು. ನಾ ತಡೀಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ಆ ಸಾಲು ತೆಗೀತೇನಪ್ಪಾ," ಎಂದೆ.

"ತೆಗೆದ್ರ ಆ ಹಾಲು ತಿರುಗಿ ಭಾಂಡ್ಯಾಕ ಬರ್ತೈತೇನು? ಇರ್ಲಿ."

"ಮತ್ತ ಕರ್ನಲ್‌ನ ಕಾಯಿ?"

"ಅದೂ ಇರ್ಲಿ. ನಾಳೆ ಸತ್ತ ಮ್ಯಾಲೆ ನಾನೂ ಅವನ ಬಾಜೂಕ ಕೂಡಾಂವ. ಹಬ್ಬದ ದಿನ ಎಡಿ ಇಡೂಕಿಂತ ಮೊದ್ಲ, ನಮಗಿಬ್ಬರಿಗೂ ಆ ಸಾಲು ಓದು. ಆಮ್ಯಾಲೆ ಉಣ್ತೇವಿ."

ಪುಸ್ತಕ ಅಚ್ಚಾಗಿ ಬಂತು. ಸಾಲು ಬರೆದ ಹಾಗೆಯೇ ಇದೆ. ಅಪ್ಪನೂ ಇದ್ದಾನೆ, ದೇವರ ದಯೆ. ಆದರೆ ಹೋದ ವಾರ ವೈನಿ ಫೋನು ಮಾಡಿ, ಅಪ್ಪನಿಗೆ ಕೆಮ್ಮು ಜೋರಾಗಿದೆ ಎಂದಳು. ನನಗೆ ಮೊದಲು ನೆನಪಾದದ್ದು ಡಾಕ್ಟರಲ್ಲ, ಆ ಸಾಲು.