ಸಫಿಯಮ್ಮ ತಿನ್ನದ ಏಡಿ ವಡೆ

ಆಲಂಕಾರಿನಿಂದ ಹೊಳೆಗೆ ಇಳಿಯುವ ದಾರಿಯಲ್ಲಿ, ದೋಣಿಯ ಕಡವಿಗೆ ಕೂಗಳತೆಯಲ್ಲಿ ಸಫಿಯಮ್ಮನ ಹೊಟೇಲು ಇತ್ತು. ಹೊಟೇಲು ಎಂದರೆ ಮುಳಿಹುಲ್ಲಿನ ಮಾಡು, ಎರಡು ಬೆಂಚು, ಒಂದು ಮೇಜು. ಹೆಸರಿನ ಹಲಗೆ ಬರೆಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆದರೂ ಐವತ್ತರ ದಶಕ ಮುಗಿಯುವ ಹೊತ್ತಿಗೆ ಪುತ್ತೂರು, ಸುಳ್ಯ ಕಡೆಯ ಮರದ ಲಾರಿಯವರು ಕೂಡ ಒಂದು ಸುತ್ತು ಹೆಚ್ಚು ಹಾಕಿ ಅಲ್ಲಿಗೆ ಬಂದು ಉಣ್ಣುತ್ತಿದ್ದರು. ಪತ್ತಿರಿ ಎಂಬ ತೆಳ್ಳಗಿನ ಅಕ್ಕಿರೊಟ್ಟಿ, ಹುರುಳಿ ಸಾರು, ತಿಮರೆ ಸೊಪ್ಪಿನ ಚಟ್ನಿ, ಮಳೆಗಾಲವಾದರೆ ಕಳಲೆ ಪಲ್ಯ, ಎಲ್ಲವೂ ಚೆನ್ನಾಗಿಯೇ ಇರುತ್ತಿದ್ದವು. ಆದರೆ ಜನ ಬರುತ್ತಿದ್ದುದು ಏಡಿ ವಡೆಗೆ. ಆ ವಡೆಯ ಒಂದು ಚೂರನ್ನೂ ಸಫಿಯಮ್ಮ ಜನ್ಮದಲ್ಲಿ ಬಾಯಿಗೆ ಇಟ್ಟವಳಲ್ಲ. ಅವಳ ಮನೆತನದಲ್ಲಿ ಏಡಿ ತಿನ್ನುವ ಕ್ರಮ ಇರಲಿಲ್ಲ, ಮಸೀದಿಯ ಉಸ್ತಾದರೂ ಬೇಡವೆಂದೇ ಹೇಳಿದ್ದರು. ಬೇರೆಯವರಿಗೆ ಮಾಡಿ ಬಡಿಸಲು ಅವಳೇನೂ ಹಿಂಜರಿಯಲಿಲ್ಲ. ಏಡಿಗೆಂದೇ ಹಿತ್ತಿಲ ಚಪ್ಪರದಲ್ಲಿ ಬೇರೆ ಒಲೆ, ಬೇರೆ ಬಾಣಲೆ ಇಟ್ಟಿದ್ದಳು.

ಗಂಡ ಮೊಯ್ದಿನಬ್ಬ ಇದ್ದಾಗ ಅದು ಬರೀ ಚಹಾದ ಅಂಗಡಿ. ಅವನು ತೀರಿಕೊಂಡ ಮೇಲೆ ಅವಳು ಗಂಡ ಸತ್ತವರ ಕ್ರಮದಂತೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತು, ಮಾರನೆಯ ದಿನವೇ ಬಂದು ಒಲೆ ಹಚ್ಚಿದಳು. ಹೆಂಗಸು ಹೊಟೇಲು ನಡೆಸುವುದೇ ಎಂದು ಆಡಿಕೊಂಡವರೆಲ್ಲ ಆರು ತಿಂಗಳೊಳಗೆ ಅದೇ ಬೆಂಚಿನ ಮೇಲೆ ಕೂತು ಎರಡನೆಯ ಸಲ ಸಾರು ಕೇಳುತ್ತಿದ್ದರು.

ಏಡಿ ತಂದು ಕೊಡುತ್ತಿದ್ದವಳು ದುಗ್ಗಮ್ಮ. ಸುಳ್ಯ ಕಡೆಯ ಗೌಡರ ಮನೆಯಲ್ಲಿ ಹುಟ್ಟಿ ಆಲಂಕಾರಿಗೆ ಮದುವೆಯಾಗಿ ಬಂದವಳು. ಗದ್ದೆಯ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿಯುವುದರಲ್ಲಿ ಅವಳನ್ನು ಮೀರಿಸುವ ಗಂಡಸು ಆ ಸುತ್ತಿನಲ್ಲಿ ಇರಲಿಲ್ಲ. ಮೊದಮೊದಲು ಸಫಿಯಮ್ಮ ಏಡಿಯನ್ನು ಸಾರು ಮಾಡುತ್ತಿದ್ದಳು. ಬಿಳಿ ಪಂಚೆಯವರಿಗೆ ಹತ್ತು ಜನರೆದುರು ಕೊಂಬು ಕಚ್ಚಿ ಹೀರಲು ನಾಚಿಕೆಯಾಗುವುದನ್ನು ನೋಡಿ, ಬೆಂದ ಏಡಿಯ ಮಾಂಸವನ್ನು ತೆಂಗಿನ ಕಡ್ಡಿಯಿಂದ ಕೆದಕಿ ತೆಗೆದು, ಕಾಯಿತುರಿ, ಹಸಿಮೆಣಸು, ಅಕ್ಕಿಹಿಟ್ಟು ಕೂಡಿಸಿ, ಅಂಗೈಯಲ್ಲಿ ತಟ್ಟಿ ಎಣ್ಣೆಯಲ್ಲಿ ಕರಿದಳು. ತಾನು ತಿನ್ನದ ವಸ್ತುವಿಗೆ ಅಂಥದ್ದೊಂದು ರೂಪ ಹೊಳೆದದ್ದು ಹೇಗೆ ಎಂದು ದುಗ್ಗಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಆದರೆ ರುಚಿ ನೋಡುವವರು ಬೇಕಲ್ಲ! ಮಸಾಲೆಯನ್ನು ನೆಕ್ಕಿ ನೋಡಬಹುದು, ಏಡಿ ಸೇರಿದ ಮೇಲೆ ಲೆಕ್ಕವೇ ಬೇರೆ. ಹೊಳೆಯ ಏಡಿಗೆ ಒಂದು ಸಿಹಿ, ಗದ್ದೆಯದ್ದಕ್ಕೆ ಇನ್ನೊಂದು. ಹೀಗಾಗಿ ದಿನವೂ ಗಿರಾಕಿ ಬರುವ ಮೊದಲು ಬಾಣಲೆಯಿಂದ ಇಳಿದ ಮೊದಲ ವಡೆ ಬಾಳೆಎಲೆಯ ತುಂಡಿನ ಮೇಲೆ ದುಗ್ಗಮ್ಮನ ಕೈಗೆ ಬರುತ್ತಿತ್ತು. ಬ್ಯಾರಿ ಹೊಟೇಲಿನಲ್ಲಿ ತಿನ್ನುತ್ತಾಳೆ ಎಂದು ಅತ್ತೆ ಎರಡು ವರ್ಷ ಮುಖ ತಿರುಗಿಸಿಕೊಂಡೇ ಇದ್ದಳು. ದುಗ್ಗಮ್ಮ ಅದಕ್ಕೆ ಸೊಪ್ಪು ಹಾಕಲಿಲ್ಲ. ಚಪ್ಪರದ ಕಂಬಕ್ಕೆ ಒರಗಿ, ಊದಿ, ಕಚ್ಚಿ, ಕಣ್ಣು ಮುಚ್ಚಿ ಅಗಿದು "ಸರಿ ಉಂಟು" ಎಂದರೆ ಮಾತ್ರ ವಡೆ ಒಳಗೆ ಹೋಗುವುದು. ಒಮ್ಮೆ ಕೆಸರಿನ ವಾಸನೆ ಉಂಟೆಂದಳು. ಲಾರಿಯವರು ಕಾದು ಕೂತಿದ್ದರೂ ಸಫಿಯಮ್ಮ ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದಳು. ಮನೆಯಲ್ಲಿ ಸೌತೆ ಬೀಜ ಹಾಕುವುದು ಯಾವಾಗ ಎಂದು ಕೂಡ ದುಗ್ಗಮ್ಮನನ್ನು ಕೇಳುವವರಿರಲಿಲ್ಲ. ಅವಳ ಒಂದು ಮಾತು ನಡೆಯುವ ಜಾಗ ಇಡೀ ಭೂಮಿಯ ಮೇಲೆ ಆ ಚಪ್ಪರ ಮಾತ್ರ.

ಅರವತ್ತೆರಡರ ಮಳೆಗಾಲದಲ್ಲಿ ದುಗ್ಗಮ್ಮನಿಗೆ ವಿಷಮಜ್ವರ ಬಂತು. ಇಪ್ಪತ್ತೊಂದು ದಿನ ಮಲಗಿದಳು. ಸಫಿಯಮ್ಮ ಅಷ್ಟು ದಿನವೂ ಏಡಿ ವಡೆ ನಿಲ್ಲಿಸಿದಳು, ಕೇಳಿದವರಿಗೆ ಏಡಿ ಸಿಕ್ಕುವುದಿಲ್ಲ ಎಂದು ಸುಳ್ಳು ಹೇಳಿದಳು. ಜ್ವರ ಬಿಟ್ಟಿತು. ಆದರೆ ಹೋಗುವಾಗ ನಾಲಗೆಯ ರುಚಿಯನ್ನೂ ಕೊಂಡುಹೋಯಿತು. ಗಂಜಿಗೆ ಹಾಕಿದ ಉಪ್ಪೂ ತಿಳಿಯಲಿಲ್ಲ, ಕಚ್ಚಿದ ಉಪ್ಪಿನಕಾಯಿಯೂ ತಿಳಿಯಲಿಲ್ಲ. ವಾರ ಕಳೆದರೆ ಸರಿಯಾದೀತೆಂದು ದುಗ್ಗಮ್ಮ ಯಾರಿಗೂ ಹೇಳಲಿಲ್ಲ. ಮತ್ತೆ ಚಪ್ಪರಕ್ಕೆ ಹೋದ ದಿನ ಸಫಿಯಮ್ಮ ಬಾಳೆಎಲೆ ಮುಂದೆ ಹಿಡಿದಾಗ, ಮೊದಲಿನ ಹಾಗೆಯೇ ಕಣ್ಣು ಮುಚ್ಚಿ ಅಗಿದು "ಸರಿ ಉಂಟು" ಎಂದುಬಿಟ್ಟಳು.

ನಾಲ್ಕು ದಿನ ಹಾಗೇ ಹೋಯಿತು. ಐದನೆಯ ದಿನ ಸಫಿಯಮ್ಮ ಉಪ್ಪು ಹಾಕಿದ್ದು ತಿಳಿಯದೆ ಸೊಸೆ ಮೈಮೂನಾ ಇನ್ನೊಂದು ಸಲ ಹಾಕಿದಳು. ದುಗ್ಗಮ್ಮ ಸರಿ ಉಂಟೆಂದಳು. ದೋಣಿಯ ಜತ್ತಪ್ಪ ಒಂದು ತುಂಡು ಕಚ್ಚಿದವನು ಕಣ್ಣರಳಿಸಿ, ಒಂದು ಚೆಂಬು ನೀರು ಪೂರ್ತಿ ಕುಡಿದು, ತನ್ನ ಹೆಂಡತಿಯ ಕೈಯಡಿಗೆಯನ್ನು ಇನ್ನು ದೂರುವುದಿಲ್ಲ ಎಂದ. ಎಲ್ಲರೂ ನಕ್ಕರು. ಸಫಿಯಮ್ಮ ಹೊರಗೆ ಬಂದು, ಇವತ್ತು ತನ್ನ ಕೈ ತಪ್ಪಿದ್ದು ಎಂದು ಹೇಳಿ, ಎಲೆಗಳನ್ನು ತೆಗೆಸಿ, ಎಲ್ಲರಿಗೂ ಮೊಟ್ಟೆ ಹುರಿದು ಕೊಟ್ಟಳು. ಚಪ್ಪರದಲ್ಲಿ ಕೂತಿದ್ದ ದುಗ್ಗಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ದುಗ್ಗಮ್ಮನಿಗೆ ಅನಿಸಿತು.

ಮರುದಿನ ಮತ್ತೆ ಬಾಳೆಎಲೆ ಬಂತು. ನಾಚಿಕೆಯಿಂದ ಸಾಯುವಂತಾದರೂ ಅವಳ ಬಾಯಿಂದ ನಿಜ ಹೊರಡಲಿಲ್ಲ. ಹೇಳಿದರೆ ಈ ಕಂಬ, ಈ ಎಲೆ, ಈ ಕೇಳುವ ಮುಖ ಎಲ್ಲವೂ ಮುಗಿದಂತೆ. ವಿಚಿತ್ರವೆಂದರೆ ಅವತ್ತಿನಿಂದ ವಡೆ ಒಮ್ಮೆಯೂ ಕೆಡಲಿಲ್ಲ. ಜತ್ತಪ್ಪ ಮತ್ತೆ ಮೂರು ಮೂರು ತಿನ್ನತೊಡಗಿದ. ದುಗ್ಗಮ್ಮ ಮಾತ್ರ ದಿನವೂ ಕಳ್ಳಿಯ ಹಾಗೆ ಬಂದು, ಕಳ್ಳಿಯ ಹಾಗೆ ಹೋಗುತ್ತಿದ್ದಳು.

ಹೀಗೆ ನಾಲ್ಕು ತಿಂಗಳಾದ ಮೇಲೆ ಕೆದಂಬಾಡಿಯ ಮಹೇಶ್ವರ ಎಂಬವನು ಹೇಳಿಕಳಿಸಿದ. ಮಗಳನ್ನು ಕೊಡಲಿರುವ ಗಂಡಿನ ಮನೆಯವರು ಹನ್ನೆರಡು ಜನ ಕಡವು ದಾಟಿ ಬರುತ್ತಾರೆ, ನಿಮ್ಮ ಏಡಿ ವಡೆ ತಿನ್ನಿಸದೆ ಕಳಿಸಿದರೆ ಸಂಬಂಧಕ್ಕೇ ಕಡಿಮೆ, ಮಧ್ಯಾಹ್ನದ ಊಟ ನಿಮ್ಮಲ್ಲೇ ಎಂದು. ಸಫಿಯಮ್ಮ ಒಪ್ಪಿಕೊಂಡಳು. ದುಗ್ಗಮ್ಮನಿಗೆ ಅವತ್ತು ಊಟ ಸೇರಲಿಲ್ಲ. ಒಂದು ಹುಡುಗಿಯ ಮದುವೆಯ ಮಾತನ್ನೂ ತನ್ನ ಸತ್ತ ನಾಲಗೆಯ ಮೇಲೆ ಹೇರಿಕೊಳ್ಳುವಷ್ಟು ಧೈರ್ಯ ಅವಳಿಗೆ ಇರಲಿಲ್ಲ. ನಿಜ ಹೇಳಿ ಬಂದುಬಿಡುವುದು, ಆಮೇಲೆ ಆ ಕಡೆ ತಲೆ ಹಾಕದಿರುವುದು ಎಂದು ಗಟ್ಟಿ ಮಾಡಿಕೊಂಡು, ಆ ಹನ್ನೆರಡು ಜನ ಬರುವ ದಿನ ಬೆಳಿಗ್ಗೆ ಎಂದಿಗಿಂತ ಎರಡು ಗಂಟೆ ಮೊದಲೇ ಹಿತ್ತಿಲಿನಿಂದ ಚಪ್ಪರಕ್ಕೆ ಬಂದಳು.

ಅಲ್ಲಿ ಎರಡು ಒಲೆ ಉರಿಯುತ್ತಿದ್ದವು. ಒಂದರ ಮೇಲೆ ಏಡಿಯ ಬಾಣಲೆ. ಇನ್ನೊಂದರ ಮೇಲಿನ ಸಣ್ಣ ಬಾಣಲೆಯಿಂದ ಸಫಿಯಮ್ಮ ಒಂದು ವಡೆ ತೆಗೆದು ಮುರಿದು, ತನ್ನ ಬಾಯಿಗೇ ಇಟ್ಟುಕೊಂಡಳು. ದುಗ್ಗಮ್ಮ ಕಂಬದ ಬಳಿಯೇ ನಿಂತುಬಿಟ್ಟಳು. ತನ್ನಿಂದಾಗಿ ಈ ಹೆಂಗಸು ಹುಟ್ಟಿನಿಂದ ಪಾಲಿಸಿದ್ದನ್ನು ಮುರಿದಳೇ? ಹತ್ತಿರ ಹೋಗಿ ನೋಡಿದರೆ ಮೊರದಲ್ಲಿ ಬಾಳೆಕಾಯಿಯ ಸಿಪ್ಪೆ ಇತ್ತು. ಅದೇ ತುರಿ, ಅದೇ ಮೆಣಸು, ಅಷ್ಟೇ ಉಪ್ಪು. ಏಡಿಯ ಬದಲು ಬೆಂದ ಬಾಳೆಕಾಯಿ, ಅಷ್ಟೇ. ಬಾಳೆಕಾಯಿಯದ್ದು ಒಂಚೂರು ಉಪ್ಪು ಮುಂದಾದರೆ ಏಡಿಯದ್ದು ಸರಿಯಾಗಿರುತ್ತದೆ ಎಂದು, ಗಿರಾಕಿಗಳ ಎಲೆಯಲ್ಲಿ ಉಳಿದದ್ದನ್ನೂ ಅವರು ಕುಡಿದ ನೀರನ್ನೂ ನೋಡಿ ನೋಡಿ ಸಫಿಯಮ್ಮ ಕಂಡುಕೊಂಡಿದ್ದಳು. ಯಾರಿಗೂ ಹೇಳದೆ, ಇಷ್ಟು ದಿನ, ಎರಡು ಗಂಟೆ ಮೊದಲೇ ಎದ್ದು!

ದುಗ್ಗಮ್ಮ ಅಲ್ಲೇ ಕೂತಳು. ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಅಳುವಿನಲ್ಲಿ ಕಲಸಿಹೋಯಿತು. "ನನ್ನ ನಾಲಗೆ ಸತ್ತದ್ದು ನಿಮಗೆ ಗೊತ್ತಿತ್ತು ಸಫಿಯಮ್ಮ. ಮತ್ತೆ ಎಂತಕ್ಕೆ ದಿನಾ ನನ್ನನ್ನು ಕೇಳುದು? ನಾನು ಸುಳ್ಳು ಹೇಳ್ತಾ ಇದ್ದೆ. ಇನ್ನು ನಾನು ಬರುದಿಲ್ಲ."

ಸಫಿಯಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಒಲೆಯ ಬೆಂಕಿ ಹಿಂದಕ್ಕೆ ಎಳೆದಳು. ಕನಿಕರ ತೋರಿಸುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ಬರದೆ ಎಲ್ಲಿಗೆ ಹೋಗುದು ಮಾರಾಯ್ತಿ? ಈ ವಡೆಯ ಮಟ್ಟಿಗೆ ನನಗೆ ನಾಲಗೆ ಉಂಟಾ? ಇಷ್ಟು ವರ್ಷ ನಿನ್ನದ್ದನ್ನೇ ಇಟ್ಟುಕೊಂಡು ಬದುಕಿದ್ದು ನಾನು. ಈಗ ನೀನು ನನ್ನದ್ದನ್ನು ಇಟ್ಟುಕೋ."

ಹೇಳುತ್ತಲೇ ಬಾಳೆಕಾಯಿಯ ಇನ್ನೊಂದು ಚೂರು ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, ಉಪ್ಪು ಎಷ್ಟು ಮುಂದೆ ಇರಬೇಕೋ ಅಷ್ಟೇ ಉಂಟು, ಮೆಣಸು ನಿನ್ನೆಗಿಂತ ಸ್ವಲ್ಪ ಜೋರು, ತೆಂಗಿನಕಾಯಿ ಎಳೆಯದ್ದಾದ ಕಾರಣ ಕೊನೆಗೆ ಒಂದು ಸಿಹಿ ಬರುತ್ತದೆ ಎಂದು ಒಂದೊಂದಾಗಿ ಹೇಳಿದಳು. ಆಮೇಲೆ ದೊಡ್ಡ ಬಾಣಲೆಯ ಮೊದಲ ಏಡಿ ವಡೆಯನ್ನು ಬಾಳೆಎಲೆಯ ಮೇಲಿಟ್ಟು ಮುಂದೆ ಹಿಡಿದಳು.

ದುಗ್ಗಮ್ಮ ಕಣ್ಣೊರೆಸಿಕೊಂಡು ಊದಿ ಕಚ್ಚಿದಳು. ಬಾಯಿಗೆ ಬಿಸಿ ತಿಳಿಯಿತು, ಮೆತ್ತಗಿದ್ದದ್ದು ತಿಳಿಯಿತು. ಉಳಿದದ್ದನ್ನು ಸಫಿಯಮ್ಮನ ಮಾತಿನಿಂದ ತೆಗೆದುಕೊಂಡಳು. ಒಳಗಿನಿಂದ ಮೈಮೂನಾ, ಕಡವಿನಲ್ಲಿ ಬೆಳಗಿನ ಮೊದಲ ದೋಣಿಯ ಜನ ಇಳಿಯುತ್ತಿದ್ದಾರೆ, ವಡೆ ಒಳಗೆ ತರಬಹುದೇ ಎಂದು ಕೇಳಿದಳು. ಸಫಿಯಮ್ಮ ದುಗ್ಗಮ್ಮನ ಮುಖವನ್ನೇ ನೋಡುತ್ತಾ ಕಾದಳು.

"ಸರಿ ಉಂಟು," ಎಂದಳು ದುಗ್ಗಮ್ಮ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ನಿಜ ಹೇಳಿದ್ದಳು.